ಅಂಕಲ್ ಯಾವ ಕಡೆಯವರು?

ನೈರೋಬಿಯಲ್ಲಿ ಬೆಳೆದ ನಮಗೆ ಕನ್ನಡ ಮಾತಾಡುವ ಗಂಡಸರೆಲ್ಲ ಅಂಕಲ್‌ಗಳೇ. ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಂದು ವಿಂಗಡಿಸುವ ತಾಪತ್ರಯವಿರಲಿಲ್ಲ. ಅಮ್ಮನಿಗೆ ಇದು ಚೂರೂ ಸೇರುತ್ತಿರಲಿಲ್ಲ. "ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬ್ತೀರಲ್ಲ, ಆಲೂಗಡ್ಡೇನಾ ಅವರು?" ಎನ್ನುತ್ತಿದ್ದಳು. ನಾವು ಮಕ್ಕಳು "ಸೋ ವಾಟ್?" ಎಂದು ಓಡಿಹೋಗುತ್ತಿದ್ದೆವು.

ಅಪ್ಪ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವರು. ಊಟದ ಹೊತ್ತಿಗೆ ಯಾವುದಾದರೂ ಶಬ್ದದ ಜಾತಕ ಬಿಡಿಸದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಅಂಕಲ್‌ನ ಸರದಿ. ಲ್ಯಾಟಿನ್ನಿನಲ್ಲಿ ಅದು ತಾಯಿಯ ಅಣ್ಣತಮ್ಮಂದಿರಿಗೆ ಮಾತ್ರ ಸಲ್ಲುವ ಹೆಸರಂತೆ. ಮೂಲಾರ್ಥ 'ಪುಟ್ಟ ಅಜ್ಜ'. ಫ್ರೆಂಚರ ಬಾಯಲ್ಲಿ ಅರ್ಧ ಸವೆದು ಇಂಗ್ಲೆಂಡಿಗೆ ಬಂದು, ಅಪ್ಪನ ಕಡೆಯವರಿಗೂ ಅಂಟಿಕೊಂಡಿತಂತೆ. ಲಂಡನ್ನಿನ ಬೀದಿಮಾತಿನಲ್ಲಿ ಒಡವೆ ಅಡವು ಹಿಡಿಯುವವನೂ ಅಂಕಲ್. ಅಮೆರಿಕದ ಹುಡುಗರು ಜಗಳದಲ್ಲಿ ಸೋತಾಗ ಕೂಗುವುದೂ ಅಂಕಲ್. "ಸ್ವಾಹಿಲಿಯವರು ವಾಸಿ. ಸೋದರಮಾವನಿಗೆ ಬೇರೆ ಮಾತೇ ಇಟ್ಕೊಂಡಿದ್ದಾರೆ, ಮ್ಜೊಂಬಾ ಅಂತ" ಎಂದರು. "ಬುದ್ಧಿ ಇರೋರು" ಎಂದು ಅಮ್ಮ ಅಪ್ಪನಿಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

ಆ ಅಂಕಲ್‌ಗಳಲ್ಲಿ ನನಗೆ ಅಚ್ಚುಮೆಚ್ಚಾದವರು ಮಂಗಳೂರಿನ ಕ್ಯಾಥೊಲಿಕ್ ಡಾಕ್ಟರು. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ನಮ್ಮ ಅಡುಗೆಮನೆಗೆ ಬರುವರು. "ಅಕ್ಕಾ, ಒಂದು ಕಾಫಿ ಕೊಡಿ ಮಾರಾಯ್ರೆ" ಎಂದು ಸ್ಟೂಲಿನ ಮೇಲೆ ಕೂತರೆ ಏಳುವ ಮಾತೇ ಇಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನೈರೋಬಿಯಲ್ಲೇ ನನ್ನ ಮದುವೆ ನಿಶ್ಚಯವಾಯಿತು. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಮ್ಮನಿಗಿದ್ದವನು ಒಬ್ಬನೇ ತಮ್ಮ, ಮೈಸೂರಿನಲ್ಲಿ. ಎಂಬಕಸಿ ವಿಮಾನ ನಿಲ್ದಾಣಕ್ಕೆ ಹೋಗಿ ಅವನನ್ನು ಕರೆತರಲು ಕಾರೂ ಹೇಳಿಯಾಗಿತ್ತು. ಅಷ್ಟರಲ್ಲಿ ಅವನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಫೋನು ಇಟ್ಟವಳೇ ಅಮ್ಮ ಅಳಲು ಶುರುಮಾಡಿದಳು. "ತವರಿನವರು ಒಬ್ಬರೂ ಇಲ್ದೆ ಮಗಳನ್ನ ಧಾರೆ ಎರೆಯೋದಾ? ನಾನೇನು ದಿಕ್ಕಿಲ್ಲದವಳಾ?" ತಾವೇ ಕರೆತರುವುದಾಗಿ ಅಪ್ಪ ಹೇಳಿದ್ದಕ್ಕೆ ಇನ್ನಷ್ಟು ಅತ್ತಳು. ನನಗಂತೂ ಈ ಮದುವೆಯೇ ಬೇಡ ಅನಿಸಿಬಿಟ್ಟಿತು.

ಕಾಫಿಗೆಂದು ಬಂದ ಡಾಕ್ಟರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಅಕ್ಕಾ, ನಮ್ಮಲ್ಲಿಯೂ ಮದುವೆಗೆ ಸೋದರಮಾವ ಬೇಕೇ ಬೇಕು. ನನ್ನ ತಂಗಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೆ ಮಾವ ಬರುವವರೆಗೆ ಯಾರೂ ಕೈ ಹಾಕ್ಲಿಲ್ಲ. ನಾನು ಕರ್ಕೊಂಡು ಬಂದ್ರೆ ಆಗುದಿಲ್ವಾ?"

ಅಮ್ಮ ಮಡಿ ಬಿಟ್ಟವಳಲ್ಲ, ಡಾಕ್ಟರು ಮೀನಿನ ಸುದ್ದಿ ತೆಗೆದರೆ ಮೂಗು ಮುಚ್ಚಿಕೊಳ್ಳುವವಳು. ಮೈಸೂರಿನವರು ಏನಂದಾರು ಎಂಬ ಭಯ ಬೇರೆ. ಎರಡು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದಳು. ಕೊನೆಗೆ, ತಮ್ಮನಿಗೆ ಉಡುಗೊರೆ ಕೊಡಲು ತೆಗೆದಿಟ್ಟಿದ್ದ ಜರಿಪಂಚೆಯನ್ನು ಡಾಕ್ಟರ ಮನೆಗೆ ಕಳಿಸಿದಳು.

ಮುಹೂರ್ತಕ್ಕೆ ಅಂಕಲ್ ನನ್ನ ಕೈಹಿಡಿದು ಹೊರಟರು. ಪಂಚೆ ಜಾರದಂತೆ ಮೇಲೊಂದು ಬೆಲ್ಟು. ನಮ್ಮಲ್ಲಿ ಹೆಣ್ಣನ್ನು ಸರಸರನೆ ಕರೆತರುವುದು ವಾಡಿಕೆ. ಅವರು ಇಗರ್ಜಿಯ ಮದುವೆಗಳಲ್ಲಿ ನಡೆದು ರೂಢಿಯಾದವರು: ಒಂದು ಹೆಜ್ಜೆ, ಚೂರು ನಿಲ್ಲುವುದು, ಎಡಬಲದವರಿಗೆ ನಗು, ಮತ್ತೊಂದು ಹೆಜ್ಜೆ. ಅಂತರಪಟ ಹಿಡಿದವರ ಕೈ ಸೋತಿತು. ನನಗೆ ನಗು ತಡೆಯಲಾಗದು. ಆ ಬೆಚ್ಚನೆಯ ಕೈ ಬಿಡಲೂ ಮನಸ್ಸಿಲ್ಲ.

ಪುರೋಹಿತರು ಗಡಿಯಾರ ನೋಡಿ ಕೂಗಿದರು: "ಬೇಗ ಬನ್ನಿ ಸ್ವಾಮೀ, ಮುಹೂರ್ತ ಮೀರ್ತಾ ಇದೆ! ಯಾರ್ರೀ ಅವರು?"

ಅಮ್ಮ ಮಂಟಪದಿಂದಲೇ ದನಿ ಎತ್ತಿದಳು. "ನನ್ನ ತಮ್ಮ. ಅವನು ನಡೆಯೋದೇ ಹಾಗೆ. ನೀವು ಮಂತ್ರ ನಿಧಾನಕ್ಕೆ ಹೇಳಿ."