ಕುಕ್ಕರ್ ಕೂಗು ಎಣಿಸುವ ಡಬ್ಬಿ

ಆಫೀಸಿನ ಕೋಡ್ ಬರೆದು ಮುಗಿಸಿದ ಮೇಲೂ ಅನೂಪನ ಕೈ ಸುಮ್ಮನಿರುವುದಿಲ್ಲ. ಘಾಜಿಯಾಬಾದಿನ ಅವನ ಫ್ಲ್ಯಾಟಿನಲ್ಲಿ ಗೀಸರ್ ಫೋನಿನ ಮಾತು ಕೇಳುತ್ತದೆ, ಕಿಟಕಿಯ ಪರದೆ ತಾನೇ ಸರಿಯುತ್ತದೆ. ಮಾಡಿದ್ದನ್ನೆಲ್ಲ ಬ್ಲಾಗಿನಲ್ಲಿ ಹರಟೆಯ ಧಾಟಿಯಲ್ಲಿ ಬರೆದುಕೊಳ್ಳುತ್ತಾನೆ. ಓದುವವರು ಬೆರಳೆಣಿಕೆಯ ಮಂದಿ. ಅವನ ಹುಮ್ಮಸ್ಸಿಗೆ ಅಷ್ಟು ಸಾಕು.

ಈ ಸಲದ ಕೆಲಸ ಮಾತ್ರ ಹುಡುಗಾಟದ್ದಾಗಿರಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಅವನ ಜೊತೆಗೇ ಇದ್ದ ತಾಯಿ ಮನೋರಮಾ ಎರಡು ಸಲ ಕುಕ್ಕರ್ ಸೀಯಿಸಿದ್ದರು. ಎರಡನೆಯ ಸಲ ಮನೆಯೆಲ್ಲ ಹೊಗೆ. ಅಮ್ಮನಿಗೆ ಮರೆವು ಶುರುವಾಗಿದೆ, ಇನ್ನು ಒಲೆ ಮುಟ್ಟಲು ಬಿಡಬೇಡ ಎಂದು ದೆಹಲಿಯ ವಸಂತ್ ಕುಂಜಿನಲ್ಲಿದ್ದ ಅಕ್ಕ ತನ್ವಿ ಫರ್ಮಾನು ಹೊರಡಿಸಿದಳು. ಅಡುಗೆಮನೆ ಕೈಬಿಟ್ಟರೆ ಅಮ್ಮ ಕುಗ್ಗಿಹೋಗುವುದು ಖಂಡಿತ. ಬಿಡದಿದ್ದರೆ ಬೆಂಕಿಯ ಭಯ.

ಹೀಗೆ ಹುಟ್ಟಿತು ಡಬ್ಬಿ. ಒಳಗೊಂದು ಮೈಕು, ಮೇಲೊಂದು ಕೆಂಪು ದೀಪ. ಕುಕ್ಕರ್ ಮೂರು ಸಲ ಕೂಗಿದರೆ ದೀಪ ಹತ್ತುತ್ತದೆ, ಅಮ್ಮ ಗ್ಯಾಸ್ ಆರಿಸಬೇಕು. ಗಂಟೆ ಹೊಡೆಯುವಂತೆಯೂ ಮಾಡಬಹುದಿತ್ತು. ತನ್ನ ಮೀಟಿಂಗಿಗೆ ಅಡ್ಡಿಯೆಂದು ಮಹಾಶಯ ಮಾಡಲಿಲ್ಲ.

"ದೀಪಾನೇ ಚೆನ್ನಾಗಿದೆ ಬಿಡೋ," ಎಂದು ಮನೋರಮಾ ಹಿಗ್ಗಿದರು.

ಒಂದಷ್ಟು ದಿನ ಸಲೀಸಾಗಿ ನಡೆಯಿತು. ಒಂದು ಭಾನುವಾರ ಮಧ್ಯಾಹ್ನ ನೋಡಿದರೆ ಬೇಳೆ ಬೆಂದೇ ಇಲ್ಲ. ಅನೂಪ್ ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಕೂತ. ಅಷ್ಟರಲ್ಲಿ ಕಿಟಕಿಯಾಚೆ ಪಕ್ಕದ ಮನೆಯ ಕುಕ್ಕರ್ ಕೂಗಿತು; ಡಬ್ಬಿ ಅದನ್ನೂ ಎಣಿಸಿಕೊಂಡಿತು. ಅಚ್ಛಾ, ಇದೋ ಸಂಗತಿ! ಅವರ ರಾಜ್ಮಾದ ಲೆಕ್ಕದಲ್ಲಿ ಇವರ ತೊಗರಿಬೇಳೆ ಒಲೆಯಿಂದ ಇಳಿದಿತ್ತು. ಅನೂಪನಿಗೆ ನಗು ತಡೆಯಲಾಗಲಿಲ್ಲ.

"ಅಮ್ಮಾ, ಪಕ್ಕದ್ಮನೆ ಆಂಟಿ ಕುಕ್ಕರ್ ಕೂಗಿದ್ದಕ್ಕೆ ನಮ್ಮ ಗ್ಯಾಸ್ ಆರಿಸಿದೀಯ! ನಮ್ದು ಕೂಗೇ ಇಲ್ಲ. ಎದುರಿಗೇ ನಿಂತಿದ್ಯಲ್ಲ, ಗೊತ್ತಾಗ್ಲಿಲ್ವಾ?" ಎಂದು ಲ್ಯಾಪ್‌ಟಾಪಿನ ಮೇಲೆ ಕಣ್ಣಿಟ್ಟೇ ಕೇಳಿದ.

ಅತ್ತ ತಿರುಗಿ ತಟ್ಟೆ ಒರೆಸುತ್ತಿದ್ದ ಮನೋರಮಾ ಒರೆಸುತ್ತಲೇ ಇದ್ದರು. ಇನ್ನೊಮ್ಮೆ ಕರೆದ. ಆಗಲೂ ತಿರುಗಲಿಲ್ಲ.

ಅನೂಪನ ನಗು ನಿಂತುಹೋಯಿತು. ಅಮ್ಮ ಕುಕ್ಕರನ್ನು ಮರೆತದ್ದಲ್ಲ. ಅದರ ಕೂಗು ಅವರಿಗೆ ಕೇಳಿಸಿಯೇ ಇರಲಿಲ್ಲ. ಎದ್ದು ಹೋಗಿ ಭುಜ ಮುಟ್ಟಿದ.

"ಯಾವಾಗಿಂದಮ್ಮ ಕಿವಿ ಕೇಳಿಸ್ತಿಲ್ಲ?"

ಮನೋರಮಾ ಅವನ ಮುಖವನ್ನೇ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡರೇನೋ. "ಹೇಳಿದ್ರೆ ಅಡುಗೆಮನೆ ಬಿಡಿಸ್ತೀರಿ ಅಂತ ಸುಮ್ನಿದ್ದೆ. ತುಟಿ ನೋಡಿ ತಿಳ್ಕೋತೀನಿ ಕಣೋ. ತರಕಾರಿ ಭಯ್ಯಾ ಎದುರಿಗೇ ನಿಂತು ಮಾತಾಡ್ತಾನೆ. ತನ್ವಿ ವಿಡಿಯೋ ಕಾಲ್ ಮಾಡ್ತಾಳೆ. ಅವರದ್ದೆಲ್ಲ ಗೊತ್ತಾಗತ್ತೆ."

"ಮತ್ತೆ ನಾನು ಹೇಳೋದು?"

"ನೀನು ಲ್ಯಾಪ್‌ಟಾಪ್ ನೋಡ್ಕೊಂಡು ಮಾತಾಡ್ತೀಯಲ್ಲಪ್ಪ. ನೀನು ಏನಂದೆ ಅಂತ ನಂಗೆ ಗೊತ್ತಾಗಿ ಎಷ್ಟು ದಿನ ಆಯ್ತೋ."

ದೂರುವ ದನಿಯೇ ಅಲ್ಲ ಅದು. ಅನೂಪನಿಗೆ ಅದನ್ನೇ ಸಹಿಸಲಾಗಲಿಲ್ಲ.