ಗ್ಲೋರಿಯಾಳ ಪಕ್ಕದ ಸೀಟು

ಕಾಫಿ ಕುಡಿಯದ ಮೈಸೂರು ಹುಡುಗಿ ಎಂದು ಅಮ್ಮ ಸುಶೀಲಾ ಅವಳನ್ನು ಆಡಿಕೊಳ್ಳುವುದುಂಟು. ಗ್ಲೋರಿಯಾ ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ಅವಳ ಪಾಲಿನ ಮೈಸೂರು ಏನಿದ್ದರೂ ಅಪ್ಪ ಪೀಟರ್ ಮೇಷ್ಟರ ಮಾತಿನಲ್ಲಿ ಮತ್ತು ಅಮ್ಮನ ಫಿಲ್ಟರಿನಲ್ಲಿ. ಕಾಲೇಜಿನಲ್ಲಿದ್ದಾಗ ಗೆಳತಿ ಅಕಿನಿಯ ಜೊತೆ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಗೆ ಹೋದವಳು ಅಲ್ಲೇ ನೆಲೆನಿಂತಳು. ಅಲ್ಲಿ ಹೆಂಡ, ಟೀ, ಕಾಫಿ ಮೂರೂ ನಿಷಿದ್ಧ. "ಹೆಂಡ ಬೇಡ ಅನ್ನೋದು ಸರಿ ಕಣೇ, ಕಾಫಿ ಏನ್ ಪಾಪ ಮಾಡಿತ್ತು?" ಎಂದು ಸುಶೀಲಾ ಕೇಳಿದ್ದರು. ಮಗಳು ನಕ್ಕು ಬಿಸಿನೀರು ಕುಡಿದಿದ್ದಳು.

ನಂಬಿಕೆ ಅವಳಿಗೆ ಆಟದ ಮಾತಾಗಿರಲಿಲ್ಲ. ಮಿಷನರಿಯಾಗಿ ಉಗಾಂಡಕ್ಕೆ ಹೋಗಿ, ಚಪ್ಪಲಿ ಸವೆಯುವಂತೆ ನಡೆದು ಬಂದವಳು. ಬಂದ ಮೇಲೆ ನೈರೋಬಿಯ ರಿವರ್‌ಸೈಡಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆದಳು, ಸ್ವಂತ ಸಂಬಳದಲ್ಲಿ ಪುಟ್ಟ ನೀಲಿ ಕಾರು ಕೊಂಡಳು. ಭಾನುವಾರ ಸಭೆಯ ಹದಿಹರೆಯದ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಆ ಕ್ಲಾಸೆಂದರೆ ಅವಳಿಗೆ ಪ್ರಾಣ. ಅಮ್ಮಂದಿರ ಹತ್ತಿರ ಕೇಳಲಾಗದ್ದನ್ನೆಲ್ಲ ಆ ಮಕ್ಕಳು ಬಂದು ಅವಳ ಹತ್ತಿರ ಕೇಳುತ್ತಿದ್ದವು.

ಮದುವೆಯಾಗದ ಯುವಕ ಯುವತಿಯರಿಗೆ ಆ ಸಭೆಯಲ್ಲಿ ಬೇರೆಯದೇ ಗುಂಪು. ಶುಕ್ರವಾರ ಸೇರಿ ಪಾಠ, ಆಟ, ಊಟ. ಚಪಾತಿ ಲಟ್ಟಿಸುವವರು ಹುಡುಗಿಯರು. ಊಟಕ್ಕೆ ಮುಂಚೆ ಯಾರು ಪ್ರಾರ್ಥನೆ ಮಾಡಬೇಕೆಂದು ತೀರ್ಮಾನಿಸುವವರು ಹುಡುಗರು. ಆ ಗುಂಪಿನ ನಿಖಿಲನೂ ಮಿಷನರಿಯಾಗಿ ಹೋಗಿ ಬಂದವನೇ. ಅವನು ಎದ್ದು ನಿಂತರೆ ಸಭೆಗೆ ಸಭೆಯೇ ಆ ಮಾತನ್ನು ನೆನಪಿಸಿಕೊಳ್ಳುತ್ತಿತ್ತು. ಗ್ಲೋರಿಯಾ ಎದ್ದು ನಿಂತರೆ ಮಾತ್ರ ಎಲ್ಲರಿಗೂ ಅವಳ ವಯಸ್ಸೇ ನೆನಪಾಗುತ್ತಿತ್ತು.

ಒಂದು ಭಾನುವಾರ ಊರಿನ ಬಾಡಿಗೆ ವ್ಯಾನುಗಳಾದ ಮಟಾಟುಗಳ ಮುಷ್ಕರ. ಬಸ್ಸಿಲ್ಲ, ಮೇಲೆ ಮಳೆ. ಎಂಬಕಸಿಯಲ್ಲಿ ವಿಮಾನದ ಸರಕು ಇಳಿಸುವ ಕೆಲಸದ, ಅದೇ ಗುಂಪಿನ ಕಿಪ್ರೊನೊ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಊರುಗೋಲಿನ ಮೇಲೆ ಸಭೆಯ ಗೇಟಿನಲ್ಲಿ ನಿಂತಿದ್ದ. ಗ್ಲೋರಿಯಾ ಕಾರಿನ ಬಾಗಿಲು ತೆಗೆದು, ಸೀಟು ಹಿಂದಕ್ಕೆ ಸರಿಸಿ, ಅವನನ್ನು ಕೂರಿಸಿಕೊಂಡು ಎಂಬಕಸಿಯ ಮನೆಗೆ ಬಿಟ್ಟು ಬಂದಳು. ನಡೆದದ್ದು ಇಷ್ಟೇ.

ಮುಂದಿನ ಭಾನುವಾರ ಬಿಷಪ್ ಕರೆಸಿದರು. ಮಾರ್ಮನ್ನರಲ್ಲಿ ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ. ಇವರು ವಾರವೆಲ್ಲ ಹಾರ್ಡ್‌ವೇರ್ ಅಂಗಡಿ ನಡೆಸುವ, ಮೃದು ಮಾತಿನ ಮನುಷ್ಯ.

"ಸಿಸ್ಟರ್, ನೀವು ತಪ್ಪು ಮಾಡಿದ್ರಿ ಅಂತ ನಾನು ಹೇಳ್ತಿಲ್ಲ. ಆದ್ರೆ ನೋಡಿದವರು ಏನಂದ್ಕೋತಾರೆ? ಮದುವೆಯಾಗದ ಹುಡುಗಿ, ಮದುವೆಯಾಗದ ಹುಡುಗ, ಒಂದು ಕಾರು."

"ಅವನ ಕಾಲು ಮುರಿದಿತ್ತು ಬಿಷಪ್."

"ನಿಮ್ಮ ಹತ್ರ ಚಿಕ್ಕ ಹುಡುಗೀರು ಕಲೀತಾರೆ. ಅದನ್ನೂ ಯೋಚಿಸ್ಬೇಕಲ್ಲ?"

"ನಿಖಿಲ್ ಪ್ರತಿ ವಾರ ಅಕಿನಿನ ಒಬ್ಬಳನ್ನೇ ಡ್ರಾಪ್ ಮಾಡ್ತಾನೆ. ಅದಕ್ಕೇನಂತೀರಿ?"

"ಅದು ರಕ್ಷಣೆ. ಹುಡುಗೀರು ಮಟಾಟುಗೆ ಕಾಯ್ತಾ ನಿಲ್ಲೋದು ಚೆನ್ನಾಗಿರುತ್ತಾ?"

ಅದೇ ಊರು, ಅದೇ ಎಂಬಕಸಿ ರಸ್ತೆ. ಸ್ಟೀರಿಂಗ್ ಹಿಡಿದ ಕೈ ಗಂಡಸಿನದಾದರೆ ರಕ್ಷಣೆ, ಹೆಂಗಸಿನದಾದರೆ ನಡತೆಯ ಪ್ರಶ್ನೆ. ಗ್ಲೋರಿಯಾಗೆ ಮೈಯೆಲ್ಲ ಉರಿದುಹೋಯಿತು. ಸ್ವಲ್ಪ ದಿನ ಕ್ಲಾಸನ್ನು ಬೇರೆಯವರು ನೋಡಿಕೊಳ್ಳಲಿ ಎಂದರು ಬಿಷಪ್, ಅದೇ ಮೃದು ದನಿಯಲ್ಲಿ.

ಕಿಪ್ರೊನೊಗೂ ಏನಾದರೂ ಹೇಳಿರಬೇಕು ಎಂದುಕೊಂಡಳು. ಅವನನ್ನು ಬಿಷಪ್ ಕೇಳಿದ್ದು ಕಾಲು ಹೇಗಿದೆ ಎಂದಷ್ಟೇ. ಆ ದಿನವೇ ಅವನು ಊರುಗೋಲನ್ನು ಪಕ್ಕಕ್ಕೆ ಒರಗಿಸಿ, ಸಭೆಯ ಮುಂದೆ ಕೂತು, ಎಲ್ಲರಿಗೂ ಹಂಚುವ ಪವಿತ್ರ ರೊಟ್ಟಿಯನ್ನು ಮುರಿಯುತ್ತಿದ್ದ, ನಡತೆ ಶುದ್ಧವೆನಿಸಿದ ಗಂಡಸರಿಗಷ್ಟೇ ಸಿಗುವ ಕೆಲಸ. ಸಂಜೆ ಅವಳ ಫೋನಿಗೆ ಅವನದೊಂದು ಮೆಸೇಜ್ ಬಂತು: "ಪೋಲೆ, ಸಿಸ್ಟರ್." ಇಲ್ಲಿ ಕಾಲು ತುಳಿದರೂ ಪೋಲೆ, ಮನೆ ಸುಟ್ಟರೂ ಪೋಲೆ. ಅಯ್ಯೋ ಪಾಪ ಎಂದಂತೆ, ಖರ್ಚಿಲ್ಲದ ಮಾತು.

"ಬಿಷಪ್ ಹತ್ರ ಹೋಗಿ ಒಂದ್ಮಾತು ಹೇಳೋಕೆ ಅವನಿಗೆ ಬಾಯಿಲ್ವಾ? ಮುರಿದಿದ್ದು ಕಾಲು ತಾನೇ?" ಎಂದರು ಸುಶೀಲಾ. ಆಮೇಲೆ ಮಗಳ ಮುಖ ನೋಡಿ, "ಬಿಟ್ಟು ಬಂದ್ಬಿಡು ಅಂತ ನಾನು ಹೇಳಲ್ಲ. ನೀನು ನಂಬಿರೋ ದೇವರು, ನೀನೇ ಜಗಳ ಆಡು" ಎಂದರು.

ಜಗಳಕ್ಕೆ ಸಮಯ ತಾನಾಗಿ ಬಂತು. ನಿಖಿಲನ ಕಾರು ಗ್ಯಾರೇಜ್ ಸೇರಿದ ಭಾನುವಾರ, ಪಂಗಡದ ದೊಡ್ಡ ನಾಯಕರೊಬ್ಬರು ಬರುವ ಮೀಟಿಂಗಿಗೆ ಅವನು ರಿವರ್‌ಸೈಡಿಗೆ ಹೋಗಬೇಕಿತ್ತು. ಗ್ಲೋರಿಯಾ ಒಬ್ಬಳೇ ಕಾರಿನ ಹತ್ತಿರ ನಿಂತಿದ್ದಳು. ಬಿಷಪ್ ಅವನ ಭುಜದ ಮೇಲೆ ಕೈಯಿಟ್ಟುಕೊಂಡು ಬಂದರು.

"ಸಿಸ್ಟರ್, ಇವನನ್ನ ಸ್ವಲ್ಪ ಬಿಟ್ಟು ಬನ್ನಿ."

"ನಾನೊಬ್ಬಳೇ ಇದ್ದೀನಿ ಬಿಷಪ್."

"ಪರವಾಗಿಲ್ಲ, ಇದು ಸಭೆಯ ಕೆಲಸ."

"ಹಾಗಾದ್ರೆ ನಾನು ಮಾಡಿದ್ದೂ ತಪ್ಪಲ್ಲ ಅಂತ ಸಭೆಯಲ್ಲಿ ಹೇಳ್ತೀರಾ?"

ಬಿಷಪ್ ಗಡಿಯಾರ ನೋಡಿದರು. "ನಿಮ್ಮ ಕ್ಲಾಸಿನ ವಿಷಯ ಆಮೇಲೆ ಮಾತಾಡೋಣ. ಈಗ ಹೊರಡಿ."

ಹೊರಟರೆ ಕ್ಲಾಸು ಸಿಗುತ್ತದೆ, ಇಲ್ಲವಾದರೆ ಇಲ್ಲ. ಅದು ಅವಳಿಗೆ ಅರ್ಥವಾಯಿತು. ಆ ಮಕ್ಕಳ ಮುಖಗಳು ಕಣ್ಣಮುಂದೆ ಬಂದವು. ಆದರೂ ಅವಳು ಬಾಗಿಲು ತೆಗೆಯಲಿಲ್ಲ.

"ಮಟಾಟು ಸ್ಟಾಪ್ ಎದುರಿಗೇ ಇದೆ ನಿಖಿಲ್. ಇವತ್ತು ಮುಷ್ಕರ ಇಲ್ಲ, ನಿನ್ನ ಕಾಲೂ ನೆಟ್ಟಗಿದೆ."

ಬಿಷಪ್ ಒಳಗೆ ಹೋದರು. ನಿಖಿಲ ಟೈ ಸರಿಮಾಡಿಕೊಂಡು ಗೇಟಿನ ಕಡೆ ನಡೆದ.

ಅವನ ಕಾರಿಲ್ಲದೆ ಸವಾರಿ ತಪ್ಪಿದ್ದ ಅಕಿನಿ, ತನ್ನ ಪಕ್ಕದ ಮನೆಯ ವಂಬುಯಿಯನ್ನು ಕರೆದುಕೊಂಡು ಬಂದಳು. ವಂಬುಯಿ ಗ್ಲೋರಿಯಾಳ ಕ್ಲಾಸಿನ ಹುಡುಗಿ. ಮುಂದಿನ ಸೀಟು ತನಗೇ ಬೇಕೆಂದು ಹತ್ತಿ ಕೂತಳು. ಎಂಬಕಸಿ ರಸ್ತೆ ಹಿಡಿದ ಮೇಲೆ ಅವಳೇ ಮಾತು ತೆಗೆದಳು.

"ಹೊಸ ಟೀಚರ್ ಇವತ್ತು ಒಂದು ಕಥೆ ಹೇಳಿದ್ರು. ಒಬ್ಬಳು ಸಿಸ್ಟರ್, ಹುಡುಗನ್ನ ಕಾರಲ್ಲಿ ಕೂರಿಸ್ಕೊಂಡು ಹೋಗಿ ಹೆಸರು ಕೆಡಿಸ್ಕೊಂಡ್ಳಂತೆ. ಆ ಹುಡುಗನ ಹೆಸರೂ ಕೆಟ್ಟಿತಾ ಅಂತ ನಾನು ಕೇಳಿದೆ. ಅದು ಈ ಕಥೆಗೆ ಬೇಕಾಗಿಲ್ಲ ಅಂದ್ಬಿಟ್ರು."

ಹಿಂದಿನ ಸೀಟಿನಲ್ಲಿ ಅಕಿನಿ ಕಿಟಕಿಯ ಕಡೆ ತಿರುಗಿದಳು. ಗ್ಲೋರಿಯಾ ಗೇರು ಬದಲಿಸಿದಳು.

"ಆ ಸಿಸ್ಟರ್ ನಾನೇ ಕಣೇ. ನೀನು ಕೂತಿದ್ದೀಯಲ್ಲ, ಅದೇ ಸೀಟಲ್ಲಿ ಅವನು ಕೂತಿದ್ದ. ಅವನ ಹೆಸರು ಕೆಟ್ಟಿಲ್ಲ. ಇವತ್ತು ಬೆಳಿಗ್ಗೆ ನೀನು ತಿಂದ ರೊಟ್ಟಿ ಮುರಿದವನೂ ಅವನೇ."