ಕಾಂಟೆಸ್ಸಾದ ಸೋರಿಕೆ

ಗೌರಿಬಿದನೂರಿನಲ್ಲಿ ಹಿಂದೂಪುರದ ರಸ್ತೆಗೆ ಮುಖ ಮಾಡಿಕೊಂಡು ಕೋನಪ್ಪನ ಶೆಡ್ಡಿದೆ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೂಲಿಂಗ್ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು, ಆ ಕೆಲಸ ಬಿಟ್ಟು ಕಾರುಗಳ ಎಸಿ ರಿಪೇರಿಗೆ ಕೂತ. ಮದುವೆ ಯಾಕೋ ಕೂಡಿಬರಲಿಲ್ಲ. ಮುರುಗಮಲ್ಲದಲ್ಲಿದ್ದ ಅಕ್ಕ ತೀರಿಕೊಂಡ ಮೇಲೆ ಅತ್ತ ಬಸ್ಸು ಹತ್ತುವ ಕಾರಣವೂ ಉಳಿಯಲಿಲ್ಲ. ಗಿರಾಕಿಗಳು ಬರುತ್ತಾರೆ, ಬಂದವರದೆಲ್ಲ ಒಂದೇ ಮಾತು, "ಎಷ್ಟೊತ್ತಾಗುತ್ತೆ?" ಕೀಲಿಯನ್ನು ಅವನ ಕೈಗಿಟ್ಟು, ಫೋನನ್ನು ಕಿವಿಗಿಟ್ಟುಕೊಂಡು ಹೊರಟುಬಿಡುತ್ತಾರೆ. ಹೀಗಾಗಿ ಕೋನಪ್ಪ ಕಂಪ್ರೆಸರ್ ಜೊತೆ ಮಾತಾಡುವುದನ್ನು ಕಲಿತಿದ್ದಾನೆ. ಯಂತ್ರ ಎದುರಾಡುವುದಿಲ್ಲ, ನಿಜ. ಆದರೆ ಊಟ ಆಯ್ತಾ ಎಂದು ಕೇಳುವುದೂ ಇಲ್ಲ.

ಕೇಳಿದವರು ವೆಂಕಟೇಶಮೂರ್ತಿಗಳೊಬ್ಬರೇ. ಗುಮಾಸ್ತರಾಗಿ ನಿವೃತ್ತರಾದವರು. ಹೆಂಡತಿ ರಾಧಮ್ಮನಿಗೆ ಸೆಕೆ ತಡೆಯದು ಎಂದು ಹಳೇ ಕಾಂಟೆಸ್ಸಾ ಕಾರೊಂದನ್ನು ಕೊಂಡಿದ್ದರು. ರಾಧಮ್ಮ ಹೋದರು, ಕಾರು ಉಳಿಯಿತು. ಬೂದು ಬಣ್ಣದ, ಉದ್ದ ಮೂತಿಯ ಆ ಕಾರು ಮದುವೆಮನೆಗೆ ಬಂದ ಹಿರಿಯರ ಹಾಗೆ ನಿಧಾನವಾಗಿ ಬೀದಿ ತಿರುಗುತ್ತಿತ್ತು.

ಬೇಸಿಗೆಯ ಮೊದಲಲ್ಲಿ ಅದರ ಎಸಿ ಕೆಟ್ಟಿತು. ಕೋನಪ್ಪ ಕಂಪ್ರೆಸರ್ ಇಳಿಸಿ, ಸವೆದ ಸೀಲು ಬದಲಿಸಿ, ಗ್ಯಾಸ್ ತುಂಬಿಸಿ ಕಳಿಸಿದ. ಮುಂದಿನ ಭಾನುವಾರ ಕಾರು ಮತ್ತೆ ಬಾಗಿಲಿಗೆ ಬಂತು.

"ಏಮಪ್ಪಾ ಕೋನಪ್ಪ, ಮತ್ತೆ ಬಿಸಿ ಗಾಳಿ ಕಣಯ್ಯ."

ಒತ್ತಡ ಕೊಟ್ಟು ಸೋಪಿನ ನೊರೆ ಸವರಿದರೆ ಪೈಪು ಸೇರುವ ನಟ್ಟಿನ ಬಳಿ ಗುಳ್ಳೆ ಎದ್ದಿತು. ಬಿಗಿ ಮಾಡಿದ. ಅದರ ಮುಂದಿನ ಭಾನುವಾರವೂ ಅಲ್ಲೇ ಗುಳ್ಳೆ. ಒಳಗಿನ ರಬ್ಬರ್ ಉಂಗುರ ಬದಲಿಸಿದ. ಮತ್ತೂ ಸೋರಿತು. ಹಳೇ ಎಂಜಿನ್ನು, ಅದುರಿ ಅದುರಿ ಸಡಿಲವಾಗುತ್ತದೆ ಎಂದುಕೊಂಡ.

ಶೆಡ್ಡಿನ ಪಂಪು ಎಸಿ ಪೈಪಿನೊಳಗಿನ ಗಾಳಿ, ತೇವವನ್ನೆಲ್ಲ ಹೀರಿ ತೆಗೆಯುವ ತನಕ ಹೊಸ ಗ್ಯಾಸ್ ತುಂಬುವಂತಿಲ್ಲ. ಅಷ್ಟು ಹೊತ್ತೂ ಇಬ್ಬರಿಗೂ ಮಾತು. ಮೊದಲ ಸಲ ಮೂರ್ತಿಗಳು ತಮ್ಮ ಫ್ಲಾಸ್ಕಿನ ಕಾಫಿಯನ್ನು ತಾವೇ ಕುಡಿದರು. ಎರಡನೇ ಸಲ ಮುಚ್ಚಳಕ್ಕೆ ಬಗ್ಗಿಸಿ ಅವನ ಮುಂದೆ ಹಿಡಿದರು.

"ಕುಡಿಯಪ್ಪ. ರಾಧಮ್ಮನ ಹದ ನನ್ ಕೈಗೆ ಬರಲ್ಲ, ಸಹಿಸ್ಕೋ."

ಮೂರ್ತಿಗಳ ಜಾತಿಯವರ ಮನೆಗಳಲ್ಲಿ ಜಗಲಿ ಹತ್ತದೆ, ಕೆಳಗೆ ನಿಂತೇ ಬೆಳೆದ ಕೋನಪ್ಪ ಆ ಮುಚ್ಚಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ. ಆಮೇಲೆ ಪ್ರತಿ ಶನಿವಾರ ಶೆಡ್ಡು ಗುಡಿಸಿ, ಕುರ್ಚಿಯೊಂದನ್ನು ಒರೆಸಿಡತೊಡಗಿದ. ಸೋರಲಿ, ಸೋರುತ್ತಲೇ ಇರಲಿ ಎಂದು ಮನಸ್ಸು ಬೇಡುತ್ತಿತ್ತು. ಮೆಕ್ಯಾನಿಕ್ಕಾದವನು ಬೇಡಬಾರದ್ದು ಅದು. ಆದರೂ ಬೇಡಿದ.

ಒಂದು ಭಾನುವಾರ ಆ ನಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದ. ಅಂಚುಗಳು ಸವೆದಿದ್ದವು, ಮೈಮೇಲೆ ಹಲ್ಲಿನ ಗುರುತು. ಅವನ ಸ್ಪ್ಯಾನರ್ ಹಾಗೆ ಕಚ್ಚುವುದಿಲ್ಲ. ಇದು ಮನೆಯಲ್ಲಿ ನಲ್ಲಿ ಬಿಚ್ಚುವ ಸ್ಪ್ಯಾನರಿನ ಕೆಲಸ. ತಿರುಗಿ ನೋಡಿದರೆ ಮೂರ್ತಿಗಳ ಬಲಗೈ ಬೆರಳಿಗೆ ಬಟ್ಟೆ ಸುತ್ತಿತ್ತು. ಗ್ಯಾಸ್ ಚಿಮ್ಮಿದರೆ ಅದರ ಶೀತಕ್ಕೇ ಚರ್ಮ ಸುಟ್ಟುಹೋಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೋನಪ್ಪ ನೋಡಿದ್ದೇ ತಡ ಅವರು ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

ಕೋನಪ್ಪನಿಗೆ ಸಂತೋಷ ಉಕ್ಕಿ ಬಂತು. ತನ್ನ ಜೊತೆ ಕೂರಲೆಂದೇ ಒಬ್ಬರು ಕಾರು ಕೆಡಿಸಿಕೊಂಡು ಬರುತ್ತಿದ್ದಾರೆ! ಹಿಂದೆಯೇ ಭಯವೂ ಆಯಿತು.

"ಸಾರ್, ಇನ್ಮೇಲೆ ನಟ್ ಬಿಚ್ಬೇಡಿ. ಕಣ್ಣಿಗೆ ಸಿಡಿದ್ರೆ ಏನ್ ಗತಿ? ಸುಮ್ನೆ ಬನ್ನಿ, ಕೂತ್ಕೊಂಡ್ ಹೋಗಿ. ಬರೋಕೆ ರಿಪೇರಿನೇ ಆಗ್ಬೇಕಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರ್ತಿಗಳ ಮುಖ ಕಪ್ಪಿಟ್ಟಿತು.

"ನಾನ್ಯಾಕಪ್ಪ ಬಿಚ್ಲಿ? ನನಗೇನು ಬೇರೆ ಕೆಲಸ ಇಲ್ವಾ?"

ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕೆಲಸ ಮುಗಿಯುವವರೆಗೂ ಅವರು ಕಾರಿನೊಳಗೇ ಕೂತರು. ಕೋನಪ್ಪ ಹೊಸ ನಟ್ಟು ಹಾಕಿ, ಮನೆಯ ಸ್ಪ್ಯಾನರಿಗೆ ಜಗ್ಗದ ಹಾಗೆ ಬಿಗಿ ಮಾಡಿದ. ಅವರ ಬೆರಳು ಉಳಿಯಲಿ ಎಂದೇ ಮಾಡಿದ. ಅವರು ಹೊರಟಾಗ ಫ್ಲಾಸ್ಕು ಕುರ್ಚಿಯ ಪಕ್ಕದಲ್ಲೇ ಉಳಿಯಿತು.

ಫ್ಲಾಸ್ಕಿಗಾದರೂ ಬರುತ್ತಾರೆ ಎಂದು ಮುಂದಿನ ಭಾನುವಾರ ಅದನ್ನು ತೊಳೆದಿಟ್ಟು ಕಾದ. ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಾನೇ ಮನೆಗೆ ಹೋಗಿ ಕೊಡಬಹುದಿತ್ತು. ಅವರ ಬೀದಿಯ ತಿರುವಿನ ತನಕ ಹೋಗಿಯೂ ಹೋದ. ಜಗಲಿ ಕಂಡಿತು. ಕಾಲು ಮುಂದೆ ಬರದೆ ಹಿಂತಿರುಗಿದ.

ಒಂದು ಮಧ್ಯಾಹ್ನ ಬೂದು ಬಣ್ಣದ ಕಾರು ರಸ್ತೆಯಲ್ಲಿ ಕಾಣಿಸಿತು. ಕೋನಪ್ಪ ಫ್ಲಾಸ್ಕು ಹಿಡಿದು ಓಡಿದ.

"ಸಾರ್! ಮೂರ್ತಿ ಸಾರ್!"

ಮೂರ್ತಿಗಳು ನೇರ ಮುಂದಕ್ಕೆ ನೋಡುತ್ತಿದ್ದರು. ಕೂಗು ಕೇಳಿಸಿತೋ ಇಲ್ಲವೋ, ಕಾರು ನಿಲ್ಲಲಿಲ್ಲ. ಆ ಉರಿಬಿಸಿಲಿನಲ್ಲಿ ಅದರ ನಾಲ್ಕೂ ಗಾಜುಗಳು ಮೇಲೇರಿದ್ದವು. ಕೋನಪ್ಪನ ಕೆಲಸ ಅಷ್ಟು ಚೆನ್ನಾಗಿ ಆಗಿತ್ತು.